ಬಿಡಿಸಿದ ಚಿತ್ರ

ಕಂಪ್ಯೂಟರಿನವರು ಇದಕ್ಕ ಸ್ಫೋಟದ ನೋಟ ಅಂತಾರ.
ಸಿಡಿಯೂದು ಏನೂ ಇಲ್ಲ. ಹೊಗಿ ಇಲ್ಲ, ಸಪ್ಪಳ ಇಲ್ಲ.
ಮೌಸ್ ಹಿಡದು ಎಳದರ ಚಕ್ರ ಮ್ಯಾಲೆ ಏರತೈತಿ,
ಅದರ ಬೆನ್ನಿಗೆ ನಟ್ಟು, ಗ್ಲ್ಯಾಂಡು, ಬಾನೆಟ್ಟು
ಒಂದೊಂದ ಎದ್ದು ಗಾಳ್ಯಾಗ ನಿಂದರತಾವ.
ನಡುವ ಒಂದು ತುಂಡುತುಂಡು ಗೆರಿ,
ಯಾವುದು ಎಲ್ಲಿಂದ ಎದ್ದು ಬಂತು,
ತಿರುಗಿ ಎಲ್ಲಿ ಕೂಡಬೇಕು ಅನ್ನೂದಕ್ಕ.

ನಾನು ಇದಕ್ಕ ಬಿಡಸೂದು ಅಂತೀನಿ.
ಅವ್ವ ಶೇಂಗಾ ಬಿಡಸ್ತಾಳ.
ತಮ್ಮ ಮೊನ್ನೆ ಸೊಸೈಟ್ಯಾಗಿಂದ
ಒತ್ತಿ ಇಟ್ಟ ಬೋರಮಾಳ ಬಿಡಿಸಿಕೊಂಡು ಬಂದ.
ನಾನು, ಹನ್ನೊಂದು ವರ್ಷಾತು,
ಗೋಕುಲ ರೋಡಿನ ಶೆಡ್ಡಿನ ಮ್ಯಾಲಿನ ಖೋಲ್ಯಾಗ ಕುಂತು
ನೀರಿನ ವಾಲ್ವ್ ಬಿಡಸ್ತೀನಿ.

ತೊಡಕು ಒಳಗಿನವುಗಳದ್ದು.
ಬೀಡಿನ ಮೈ, ತನ್ನ ಹೊಟ್ಟಿ ತೋರಸೂದಿಲ್ಲ.
ವೆಜ್ಜು ಅಲ್ಲೇ ಐತಿ, ಎರಡೂ ಸೀಟು ಅಲ್ಲೇ ಅದಾವ,
ಪಟ್ಟ್ಯಾಗ ಹೆಸರುಂಟು, ಚಿತ್ರದಾಗ ಮಾರಿ ಇಲ್ಲ.
ಮೈನ ಗಾಜಿನಂಗ ಮಾಡಿ ನೋಡಿದೆ,
ಗೆರಿ ಮ್ಯಾಲ ಗೆರಿ ಬಿದ್ದು
ಬಾಡಿಗಿ ಮನ್ಯಾಗಿನ ಅರಬಿ ಹಗ್ಗದಂಗಾತು,
ಯಾರ ಅಂಗಿ ಯಾರದೋ.
ಮೈನ ಪೂರಾ ಅಡಗಿಸಿದೆ,
ವೆಜ್ಜು ಆಸರಿಲ್ಲದ ತೇಲತಿತ್ತು.
ಕಡೀಕ ಎಣ್ಣಿಗಾಯಿ ನೆನಪಾತು:
ಬದನಿಕಾಯಿ ನಾಕ ಸೀಳು, ತೊಟ್ಟು ಮಾತ್ರ ಕೊಯ್ಯಬಾರದು,
ಮಸಾಲಿ ಕಾಣಬೇಕು, ಕಾಯಿ ಕಾಯೇ ಇರಬೇಕು.
ಮುಂದಿನ ಕಾಲುಭಾಗ ಕೊಯ್ದೆ,
ಕೊಯ್ದ ಜಾಗಾಕ್ಕ ಓರೆಗೆರಿ ತುಂಬಿದೆ.
ಎಲ್ಲಾ ಕಂಡ್ವು.

ಹಾಳಿ ತಗೊಂಡು ಕೆಳಗ ಇಳದೆ.
ಮಕ್ತುಂಸಾಬ ನದಾಫ, ಟೆಸ್ಟ್ ಬೆಂಚಿನ್ಯಾವ,
ಕೈ ಒರಸಿಕೊಂಡು, ಹಾಳಿ ದೂರ ಹಿಡದು,
ಕಿವ್ಯಾಗಿನ ಪೆನ್ಸಿಲ್ ತಗದು ಎಣಿಸಿದ.
‘ಇಪ್ಪತ್ತೆರಡು.’
ಹೌದು ಕಾಕಾ, ಪಟ್ಟ್ಯಾಗೂ ಅಷ್ಟ.
‘ಒಂದ ಕಮ್ಮಿ ಐತಿ ನೋಡ ಅಶ್ವಿನಿ.’

ಸುಣ್ಣದ ಡಬ್ಬಿ ಅಂದಕೊಂಡಿದ್ದೆ ನಾನು ಅದನ್ನ ಇಷ್ಟು ವರ್ಷ.
ತಗದರ ಒಳಗ ಹಿತ್ತಾಳಿ ಉಂಗುರ, ಹತ್ತಿಪ್ಪತ್ತು,
ತಗಡು ಕತ್ತರಿಸಿ ಅರ ಹಚ್ಚಿ ತಾನೇ ಮಾಡಿದ್ದು.
ಪ್ಯಾಟರ್ನಿನ ಕಟ್ಟಿಗಿ ಸವದು ಯಾವುದೋ ಕಾಲಾತು,
ಸ್ಪಿಂಡಲಿನ ಕೊರಳು ಕೂಡೋ ಕುಣಿ
ಕೂದಲೆಳಿ ಒಂದೆರಡು ಆಳ ಹೆಚ್ಚು.
ಹಂಗ ಕೂಡಿಸಿದರ ಕೊರಳು ಏರಿಳದು ಏರಿಳದು
ದಾರದ ಪ್ಯಾಕಿಂಗು ತಿನ್ನತೈತಿ,
ಮೂರ ತಿಂಗಳಿಗೆ ಹನಿ.
‘ಪ್ರತಿ ವಾಲ್ವಿಗೂ ಒಂದ ಹಾಕ್ತೀನಿ.’
ಯಾಕ ಹೇಳಲಿಲ್ಲ?
‘ಯಾರ ಕೇಳಿದ್ರು?’

ಮ್ಯಾಲೆ ಬಂದು ಉಂಗುರ ಬರದೆ.
ಹೊರಸುತ್ತು, ಒಳಸುತ್ತು, ದಪ್ಪ,
ವರ್ನಿಯರ್ ಹಿಡದು ಅಳದು.
ಕೊರಳಿಗೂ ಕುಣಿಗೂ ನಡುವ
ಗಾಳ್ಯಾಗ ಒಂದು ಹಳದಿ ಚಂದ್ರ.
ಇಪ್ಪತ್ಮೂರು.

ಹೊಂಬಳ ಸಾಹೇಬರು ಕನ್ನಡಕ ಏರಿಸಿ ನೋಡಿದರು.
‘ಇದನ್ನ ಅಚ್ಚು ಹಾಕಿದರ
ನಮ್ಮ ಕುಣಿ ತಪ್ಪೈತಿ ಅಂತ ನಾವ ಡಂಗುರ ಹೊಡದಂಗ.
ಪುರಸಭೆಯವರ ಕೈಗೆ ಹೋಗೂ ಪುಸ್ತಕ ಇದು.
ಅಡಗಸು.’

ಅಡಗಿಸೂದು ಒಂದ ಗುಂಡಿ.
ಒತ್ತಿದೆ.
ಚಂದ್ರ ಹೋತು, ಪಟ್ಟಿ ತಾನ ಸರದು
ಮತ್ತ ಇಪ್ಪತ್ತೆರಡಾತು.
ಆದರ ಅದಕ್ಕಂತ ಬಿಟ್ಟ ಜಾಗಾ ನಾನು ಮುಚ್ಚಲಿಲ್ಲ.
ಕೊರಳಿನಿಂದ ಕುಣಿಗೆ ಹೋಗೂ ತುಂಡುಗೆರಿ
ಉಳಿದವಕ್ಕಿಂತ ಚೂರು ಉದ್ದ ಐತಿ.
ಸಾಹೇಬರು ಸಹಿ ಹಾಕಿದರು.

ಹೊಸೂರಿನಾಗ ಚಿಗರಿ ಬಸ್ ಹತ್ತಿ
ನವಲೂರು ದಾಟೂಮಟ
ಹೆಬ್ಬೆರಳಿಗೆ ಹಾಕಿ ತಿರುವಿದೆ ಆ ಉಂಗುರ. ಸಡ್ಲ.
ಮೇ ತಿಂಗಳಿಗೆ ಕಾಕಾನ ನೌಕರಿ ಮುಗೀತೈತಿ.
ಡಬ್ಬಿ ಯಾರಿಗೆ ಕೊಡ್ತಾನ ಕೇಳಬೇಕಿತ್ತು.
ಅಣ್ಣಿಗೇರ್ಯಾಗೋ, ಶಿಗ್ಗಾವ್ಯಾಗೋ,
ಪಂಪ್‌ಹೌಸಿನ ನೆಲದ ಮ್ಯಾಲ ವಾಲ್ವ್ ಬಿಚ್ಚಿ ಹರವಿಕೊಂಡ ಒಬ್ಬಾಂವ
ಬ್ಯಾಟರಿ ಬೆಳಕಿನಾಗ ನನ್ನ ಹಾಳಿ ನೋಡ್ತಾನ,
ಕೈಯಾಗಿಂದು ಎಣಿಸ್ತಾನ,
ಮತ್ತ ಎಣಿಸ್ತಾನ.